ಹೈಸ್ಕೂಲ್ ಲೈಬ್ರರಿ ಚಾರ್ಜ್ ನನ್ನ ತಲೆಗೆ ಬಂದಿದೆ, ಪುಸ್ತಕ ಮನೆಗೆ ಕೊಡೋದಾ ಬೇಡ್ವಾ? ಅನುಭವ ಇದ್ದೋರು ಹೇಳಿ

ಕನ್ನಡ ಮೇಡಂ (ಪ್ರಶ್ನೆ ಕೇಳಿದವರು)
ಸರ್ಕಾರಿ ಹೈಸ್ಕೂಲು, 8ರಿಂದ 10, ಒಟ್ಟು 212 ಮಕ್ಕಳು. ಲೈಬ್ರರಿ ನೋಡ್ಕೋತಿದ್ದ ಹಿಂದಿ ಸರ್‌ಗೆ ಟ್ರಾನ್ಸ್‌ಫರ್ ಆಯ್ತು, ಹೆಚ್ಚೆಮ್ ಕೀ ತಂದು ನನ್ನ ಟೇಬಲ್ ಮೇಲಿಟ್ಟು "ಕನ್ನಡ ಟೀಚರ್ ಅಲ್ವಾ, ನಿಮಗೇ ಸರಿ" ಅಂದ್ರು. ಮೂರು ಬೀರು. ಬಂದ ಪುಸ್ತಕಕ್ಕೆಲ್ಲ ನಂಬರ್ ಹಾಕಿ ಬರೆಯೋ ಅಕ್ಸೆಷನ್ ರಿಜಿಸ್ಟರ್‌ನಲ್ಲಿ 1,140 ನಂಬರ್ ಇದೆ, ನಾನು ಎರಡು ಶನಿವಾರ ಕೂತು ಎಣಿಸಿದೆ, 871 ಸಿಕ್ತು. 269 ಇಲ್ಲ. ಚಾರ್ಜ್ ಲಿಸ್ಟಿಗೆ ಸಹಿ ಹಾಕಿ ಅಂತ ದಿನಾ ಕೇಳ್ತಿದಾರೆ. ಇತ್ಲಾಗೆ ಎಂಟನೇ ಕ್ಲಾಸಿನ ಒಂದು ಹುಡುಗಿ ಊಟದ ಬೆಲ್ ಆದ್ಮೇಲೆ ಕಿಟಕಿ ಹತ್ರ ನಿಂತ್ಕೊಂಡು "ಮಿಸ್, ಆ ನೀಲಿ ರಟ್ಟಿಂದು ಮನೆಗೆ ಕೊಡ್ತೀರಾ" ಅಂತ ಕೇಳುತ್ತೆ. ಮನೆಗೆ ಕೊಟ್ರೆ ವಾಪಸ್ ಬರುತ್ತಾ? ಹೋದ್ರೆ ದುಡ್ಡು ನನ್ನ ಸಂಬಳದಿಂದನಾ? ನಿಮ್ಮ ಸ್ಕೂಲಲ್ಲಿ ಹೇಗೆ ಮಾಡ್ತಿದೀರಿ ಹೇಳಿ ಪ್ಲೀಸ್.

ನಿವೃತ್ತ ಮೇಷ್ಟ್ರು
ಸಹಿ ಹಾಕಬೇಡಿ ಅಂತ ಮೊದಲೇ ಹೇಳಿಬಿಡ್ತೀನಿ. ನಾನು 1998ರಲ್ಲಿ ಎಣಿಸದೇನೇ ಸಹಿ ಹಾಕಿದೆ, ಹಳೆ ಮೇಷ್ಟ್ರು ನನಗೆ ಗುರುಗಳ ಸಮಾನ, ಅವರ ಮುಂದೆ ಪುಸ್ತಕ ಎಣಿಸೋದು ಮರ್ಯಾದೆ ಅಲ್ಲ ಅಂದ್ಕೊಂಡೆ. ರಿಟೈರ್ ಆಗೋಕೆ ಐದು ತಿಂಗಳಿದೆ ಅನ್ನುವಾಗ ತಾಳೆ ನೋಡಿದ್ರು. 143 ಪುಸ್ತಕ ಇಲ್ಲ. ರಿಜಿಸ್ಟರ್‌ನಲ್ಲಿರೋ ಬೆಲೆ ಕೂಡಿದ್ರೆ 2,158 ರೂಪಾಯಿ, ಅದಕ್ಕೆ ಡಬಲ್ ಕಟ್ಟಿ ಅಂದ್ರು, 4,316. ದುಡ್ಡು ದೊಡ್ಡದಲ್ಲ ಸ್ವಾಮಿ, ನೋ ಡ್ಯೂ ಸರ್ಟಿಫಿಕೇಟ್ ಕೊಡ್ಲಿಲ್ಲ, ಪೆನ್ಷನ್ ಪೇಪರ್ ಏಳು ವಾರ ಟೇಬಲ್ ಮೇಲೆ ಬಿದ್ದಿತ್ತು. ಅದ್ರಲ್ಲಿ ಎರಡೂವರೆ ರೂಪಾಯಿದೊಂದು ವ್ಯಾಕರಣದ ಪುಸ್ತಕಕ್ಕೆ ಐದು ರೂಪಾಯಿ ಕಟ್ಟಿ ಬೇರೆ ರಸೀದಿ ತಗೊಂಡಿದೀನಿ, ಇನ್ನೂ ಫೈಲಲ್ಲಿದೆ. 36 ವರ್ಷ ಸರ್ವೀಸು. ಆ ಪುಸ್ತಕಗಳನ್ನ ನಾನು ಕಣ್ಣಲ್ಲೂ ನೋಡಿರ್ಲಿಲ್ಲ. ಆಮೇಲೆ ಇನ್ನೊಂದು, ನನ್ನ ಕೈಗೆ ಕೀ ಬಂದ ಮೇಲೆ ಒಂದೇ ಒಂದು ಪುಸ್ತಕ ಹೋಗಿಲ್ಲ, ಯಾಕಂದ್ರೆ ನಾನು ಯಾರಿಗೂ ಕೊಡ್ಲೇ ಇಲ್ಲ.

ಹಳೇ ವಿದ್ಯಾರ್ಥಿ
ಕೊನೆ ಸಾಲು ಓದಿ ಮೈ ಉರೀತು. "ಒಂದೂ ಹೋಗಿಲ್ಲ ಯಾಕಂದ್ರೆ ಕೊಡ್ಲೇ ಇಲ್ಲ", ಇದನ್ನ ಹೆಮ್ಮೆ ಅಂತ ಹೇಳ್ಕೋತೀರಲ್ಲ ಸಾರ್. ನಮ್ಮ ಹೈಸ್ಕೂಲಲ್ಲಿ ಇಂಥವರೇ ಒಬ್ರಿದ್ರು. ಇನ್ಸ್‌ಪೆಕ್ಷನ್ ಹಿಂದಿನ ದಿನ ಬೀಗ ತೆಗೆದು ನಮ್ಮ ಕೈಲಿ ಧೂಳು ಹೊಡೆಸೋರು, ಒದ್ದೆ ಬಟ್ಟೆ ತಗೊಂಡು ಒರೆಸ್ತಾ ಒರೆಸ್ತಾ ನಾನು ಒಂದು ಪುಸ್ತಕ ತೆಗೆದು ನಾಲ್ಕು ಪೇಜ್ ಓದಿದ್ದೆ, ಹಾವಿನ ಬಗ್ಗೆ ಇತ್ತು, ಹಸಿರು ಹಾವಿನ ಫೋಟೋ ಅರ್ಧ ಪೇಜು. ಹಿಂದಿನಿಂದ ಬಂದು ಸ್ಕೇಲಲ್ಲಿ ಹೊಡೆದ್ರು. "ಒರೆಸೋಕೆ ಕರೆದ್ರೆ ಓದ್ತಿಯಾ" ಅಂದ್ರು. ಮಾರನೇ ದಿನ ಸಾಹೇಬ್ರು ಬಂದಾಗ ಅದೇ ಬೀರು ಮುಂದೆ ನಮ್ಮನ್ನ ಕೂರಿಸಿ ಕೈಗೊಂದೊಂದು ಪುಸ್ತಕ ಕೊಟ್ಟು ಓದೋ ಥರ ನಟನೆ ಮಾಡಿ ಅಂದ್ರು, ನನಗೆ ಬಂದಿದ್ದು ಹಿಂದಿ ಡಿಕ್ಷನರಿ. ಈಗ ಬೆಂಗಳೂರಲ್ಲಿದೀನಿ, ಹೋದ ವರ್ಷ 60,000 ರೂಪಾಯಿ ಪುಸ್ತಕ ತಗೊಂಡಿದೀನಿ, ಹೆಂಡತಿ ಬೈತಾಳೆ, ಅರ್ಧ ಓದಿಲ್ಲ. ಆ ಹಾವಿನ ಪುಸ್ತಕ ಮಾತ್ರ ಇನ್ನೂ ಸಿಕ್ಕಿಲ್ಲ, ಹೆಸರೇ ನೋಡಿರ್ಲಿಲ್ಲ.

ನಿವೃತ್ತ ಮೇಷ್ಟ್ರು
60,000ದ ಪುಸ್ತಕ ತಗೊಳ್ಳೋರು 4,316 ಯಾರದ್ದೋ ತಪ್ಪಿಗೆ ಕಟ್ಟಿ ನೋಡಿ, ಆಮೇಲೆ ಮೈ ಉರಿಯೋ ಮಾತಾಡಿ. ನಾನು ಯಾರಿಗೂ ಹೊಡೆದಿಲ್ಲ.

ಲೈಬ್ರರಿಯನ್ ಅಣ್ಣ
ನಾನು ಕೇಂದ್ರ ಸರ್ಕಾರದ ಶಾಲೆಯೊಂದರಲ್ಲಿ ಲೈಬ್ರರಿಯನ್, 14 ವರ್ಷ ಆಯ್ತು. ದಯವಿಟ್ಟು ಎಲ್ರೂ ಜನರಲ್ ಫೈನಾನ್ಷಿಯಲ್ ರೂಲ್ಸ್ 2017, ರೂಲ್ ನಂಬರ್ 215 ಓದಿ. 20,000ದೊಳಗೆ ಪುಸ್ತಕ ಇದ್ರೆ ವರ್ಷಕ್ಕೊಮ್ಮೆ ಪೂರ್ತಿ ಎಣಿಕೆ ಆಗ್ಬೇಕು. ವರ್ಷದಲ್ಲಿ ಇಶ್ಯೂ ಆದ ಅಥವಾ ಅಲ್ಲೇ ಕೂತು ನೋಡಿದ ಪ್ರತಿ ಸಾವಿರ ಪುಸ್ತಕಕ್ಕೆ 5 ಕಳೆದ್ರೆ ಅದು ಸಹಜ ಅಂತ ರೂಲೇ ಒಪ್ಪುತ್ತೆ, ಮೋಸ ಬೇಜವಾಬ್ದಾರಿ ಇರಬಾರದು ಅಷ್ಟೆ. 1,000 ರೂಪಾಯಿ ಮೀರಿದ್ದು ಇಲ್ಲಾ ಅಪರೂಪದ್ದು ಹೋದ್ರೆ ಮಾತ್ರ ವಿಚಾರಣೆ ಆಗ್ಲೇಬೇಕು. ಲೆಕ್ಕ ಅರ್ಥ ಆಯ್ತಾ? ಜಾಸ್ತಿ ಕೊಟ್ಟಷ್ಟೂ ವಿನಾಯ್ತಿ ಜಾಸ್ತಿ. ಬೀಗ ಹಾಕಿ ಕೂತ್ರೆ ಇಶ್ಯೂ ಸೊನ್ನೆ, ವಿನಾಯ್ತಿನೂ ಸೊನ್ನೆ, ಆಗ ಒಂದು ಪುಸ್ತಕ ಹೋದ್ರೂ ಉತ್ತರ ಕೊಡ್ಬೇಕು. ನಾನು ಸೇರಿದ ವರ್ಷ ಕಳೆದುಹೋದ 41 ಪುಸ್ತಕ ರೈಟ್ ಆಫ್ ಮಾಡಿಸೋಕೆ, ಅಂದ್ರೆ ಲೆಕ್ಕದಿಂದ ತೆಗೆಸೋಕೆ, ಎಂಟು ತಿಂಗಳು, ಮೂರು ಕಮಿಟಿ ಮೀಟಿಂಗು, ಹನ್ನೊಂದು ಪತ್ರ. ಒಂದು ಪತ್ರ ವಾಪಸ್ ಬಂತು, ಕಾರಣ ಏನು ಗೊತ್ತಾ, ಪುಸ್ತಕದ ಪಟ್ಟಿ ಲ್ಯಾಂಡ್‌ಸ್ಕೇಪ್‌ನಲ್ಲಿ ಪ್ರಿಂಟ್ ಆಗಿದೆ ಅಂತ. ಆದ್ರೂ ಮಾಡಿಸಿದೆ.

ನಿವೃತ್ತ ಮೇಷ್ಟ್ರು
ಅದು ಸೆಂಟ್ರಲ್ ಗೌರ್ಮೆಂಟ್ ರೂಲು. ನಮ್ಮದು ಕರ್ನಾಟಕ ಫೈನಾನ್ಷಿಯಲ್ ಕೋಡು. ನಿಮ್ಮ 215 ತಗೊಂಡೋಗಿ ನಮ್ಮ ಆಡಿಟ್‌ನೋರ ಮುಂದೆ ಇಡಿ, ಕಾಫಿ ಕುಡಿಸಿ ಕಳಿಸ್ತಾರೆ. ನಿಮಗೆ ಅಂತ ಪೋಸ್ಟ್ ಇದೆ, ಅದೇ ಕೆಲಸಕ್ಕೆ ಸಂಬಳ. ನಾವು ವಾರಕ್ಕೆ 28 ಪೀರಿಯಡ್ ತಗೊಂಡು, ಎಲೆಕ್ಷನ್ ಡ್ಯೂಟಿ, ಗಣತಿ ಎಲ್ಲಾ ಮುಗಿಸಿ ಮಿಕ್ಕ ಟೈಮಲ್ಲಿ ಲೈಬ್ರರಿ.

ಲೈಬ್ರರಿಯನ್ ಅಣ್ಣ
ಪೋಸ್ಟ್ ಇದೆ ಅಂತ ಹೊಟ್ಟೆಕಿಚ್ಚು ಪಡ್ಬೇಡಿ ಗುರುಗಳೇ, ನಿಮ್ಮ ಶಾಲೆಗೂ ಪೋಸ್ಟ್ ಕೊಡಿ ಅಂತ ಯಾವತ್ತಾದ್ರೂ ಕೇಳಿದ್ರಾ? ಬಿ.ಲಿಬ್ ಅಂತ ಲೈಬ್ರರಿ ಡಿಗ್ರಿ ಮಾಡಿದ ಹುಡುಗ್ರು ಊರು ತುಂಬಾ ಖಾಲಿ ಕೂತಿದಾರೆ. ನಮ್ಮ ದೇಶದ ಲೈಬ್ರರಿ ವಿಜ್ಞಾನದ ಪಿತಾಮಹ ರಂಗನಾಥನ್ 1931ರಲ್ಲೇ ಪುಸ್ತಕ ಇರೋದೇ ಬಳಸೋಕೆ ಅಂತ ಮೊದಲನೇ ಸೂತ್ರ ಬರೆದ್ರು, ಅದೇ ಮನುಷ್ಯ 1962ರಲ್ಲಿ ನಮ್ಮ ಬೆಂಗಳೂರಲ್ಲೇ ಲೈಬ್ರರಿ ವಿಜ್ಞಾನ ಕಲಿಸೋ ಸಂಸ್ಥೆ ಡಿಆರ್‌ಟಿಸಿ ಶುರು ಮಾಡಿದ್ರು, ಅಂಥ ಊರಿರೋ ರಾಜ್ಯದಲ್ಲಿ ಹೈಸ್ಕೂಲ್ ಲೈಬ್ರರಿ ಹಿಂದಿ ಮೇಷ್ಟ್ರು, ಪಿಟಿ ಮೇಷ್ಟ್ರ ಕೈಲಿ.

ಧಾರವಾಡ ಕಡೆಯ ಸೈನ್ಸ್ ಮಾಸ್ತರ
ಪಿಟಿ ಮಾಸ್ತರ ಬಗ್ಗೆ ಹಗುರ ಮಾತಾಡಬ್ಯಾಡ್ರಿ, ನಮ್ಮ ಸಾಲ್ಯಾಗ ಲೈಬ್ರರಿ ನಡಿಯಾಕತ್ತಿದ್ದ ಅವರಿಂದ. ಮೇಡಂ, ನಮ್ಮದು ಕೇಳ್ರಿ. ಕಪಾಟಿನ ಕೀಲಿ ಹಿಡಕೊಂಡು ಕುಂದ್ರೂದ ಬ್ಯಾಡ ಅಂತ ಆರು ಟ್ರಂಕ್ ತಂದ್ವಿ, ಒಂದಕ್ಕ 1,150, ಒಟ್ಟು 6,900, ನನ್ನ ಕಿಸೆದ್ದು. ಆರು ಸೆಕ್ಷನ್, ಒಂದೊಂದು ಟ್ರಂಕಿನ್ಯಾಗ 90 ಪುಸ್ತಕ. ಹರಕ ಆಗಿದ್ದ 78 ಪುಸ್ತಕ ರೆಕ್ಸಿನ್ ಹಾಕಿ ಬೈಂಡ್ ಮಾಡಿಸಿದ್ವಿ, 45ರಂಗ 3,510, ಅದನ್ನ ಹಳೇ ವಿದ್ಯಾರ್ಥಿಗಳು ಕೊಟ್ರು. ಬೈಂಡಿಂಗ್‌ನಾವ ಎರಡು ಪುಸ್ತಕದ ಹಾಳಿ ಅದಲು ಬದಲು ಮಾಡಿ ಹೊಲದಿದ್ದ, ಮಂಗನ ಕತಿ ಓದಾಕತ್ತಿದ್ರ ನಡಕ ನೆಲಗಡ್ಲಿ ಬಿತ್ತನಿ ಬರ್ತಿತ್ತು. ಹುಡುಗೂರಿಗೆ ಅದ ಭಾಳ ಸೇರ್ತು, ಅದಕ್ಕ ಪಾಳಿ ಹಚ್ಚಿ ನಿಂತಿದ್ರು.

ಬರಕೊಳ್ಳೂದು ಕೊಡೂದು ಎಲ್ಲಾ ಹುಡುಗೂರs. ಮೊದಲನೇ ವರ್ಷ 3,400 ಸಲ ಪುಸ್ತಕ ಹೊರಗ ಹೋತು, 31 ಬರಲಿಲ್ಲ. ಬ್ಯಾಸಗಿ ಸೂಟಿ ಮುಗದ ಮ್ಯಾಲ 19 ಬಂದ್ವು, ಒಂದರಾಗ ಅರಿಷಿಣ ಕಲಿ, ಇನ್ನೊಂದರ ರಟ್ಟಿನ ಮ್ಯಾಲ ಯಾರದೋ ಲಗ್ನದ ಆಹೇರಿ ಲೆಕ್ಕ, "ಕಾಕಾ 501, ಸೋದರಮಾವ ಪಾತೇಲಿ" ಅಂತ. 12 ಕಡಿಗೂ ಬರಲಿಲ್ಲ. ಆ ಅಣ್ಣಾವ್ರ ಲೆಕ್ಕದಾಗ 3,400ಕ್ಕ 17 ಹೋಗಬಹುದು, ಅಂದ್ರ ನಾವು ಪಾಸ್.

ಆದ್ರ ತ್ರಾಸ ಬ್ಯಾರೇನ ಇತ್ತು. ಹತ್ತನೇದವನ ಅಪ್ಪ ಒಬ್ಬಾವ ಸಾಲಿಗೇ ಬಂದ, "ಎಸ್ಸೆಸ್ಸೆಲ್ಸಿ ಹುಡುಗನ ಕೈಯಾಗ ಕತಿ ಪುಸ್ತಕ ಕೊಟ್ಟು ಹಾಳ ಮಾಡಾಕತ್ತೀರಿ" ಅಂತ ಪುಸ್ತಕ ನನ್ನ ಟೇಬಲ್ ಮ್ಯಾಲ ಒಗದ. ಹೆಚ್ಚೆಮ್ ಹೆದರಿ ಹತ್ತನೇದ ಎರಡೂ ಟ್ರಂಕು ಮೂರು ತಿಂಗಳು ಮುಚ್ಚಿಸಿದ್ರು. ಆ ಸಿಟ್ಟು ನನಗ ಇನ್ನೂ ಇಳದಿಲ್ಲ.

ಇಬ್ರು ಮಕ್ಕಳ ತಾಯಿ
ನಿಮ್ದು ಸರ್ಕಾರಿ ಶಾಲೆ, ನಮ್ಮ ಪ್ರೈವೇಟ್ ಕಥೆ ಕೇಳಿ. ವರ್ಷಕ್ಕೆ ಲೈಬ್ರರಿ ಫೀಸ್ ಅಂತ 1,200, ಇಬ್ರಿಗೆ 2,400. ಹದಿನೈದು ದಿನಕ್ಕೆ ಒಂದು ಪುಸ್ತಕ, ಲೇಟಾದ್ರೆ ದಿನಕ್ಕೆ 5 ರೂಪಾಯಿ, ಭಾನುವಾರನೂ ಲೆಕ್ಕ. ದಸರಾ ರಜೆಗೆ ಊರಿಗೆ ಹೋಗಿದ್ವಿ, 85 ರೂಪಾಯಿ ಫೈನ್. ರಜೆಯಲ್ಲಿ ಸ್ಕೂಲೇ ಇರಲ್ಲ ಎಲ್ಲಿ ಕೊಡ್ಲಿ ಅಂದ್ರೆ ಸಾಫ್ಟ್‌ವೇರ್ ತಾನೇ ಹಾಕುತ್ತೆ ಮೇಡಂ ಅಂತಾರೆ. ದೊಡ್ಡೋನು ಒಂದು ಪುಸ್ತಕ ಕಳೆದ ಅಂತ 380 ಕಟ್ಟಿದ್ವಿ, ಎರಡು ತಿಂಗಳಾದ್ಮೇಲೆ ಸೋಫಾ ಕೆಳಗೆ ಸಿಕ್ತು. ವಾಪಸ್ ಕೊಡೋಕೆ ಹೋದ್ರೆ ರೀಫಂಡ್ ಇಲ್ಲ ಅಂದ್ರು, ಹಾಗಾದ್ರೆ ಪುಸ್ತಕನೂ ಕೊಡಲ್ಲ ಅಂದೆ, ಈಗ ಟಿವಿ ಕೆಳಗಿದೆ, ಯಾರೂ ಓದಲ್ಲ. ಕನ್ನಡ ಪುಸ್ತಕ ಒಂದು ಶೆಲ್ಫು ಅಷ್ಟೇ, ಅದೂ ಕೆಳಗಡೆ, ಬಗ್ಗಿ ನೋಡ್ಬೇಕು. ಎಸ್ಸೆಸ್ಸೆಲ್ಸಿ ಹುಡುಗನ ಅಪ್ಪ ಮಾಡಿದ್ದು ತಪ್ಪು ಅಂತ ನನಗೇನೂ ಅನ್ಸಲ್ಲ ಬಿಡಿ, ಮಾರ್ಕ್ಸ್ ಬರ್ದಿದ್ರೆ ಮಾಸ್ತರು ಸೀಟ್ ಕೊಡಿಸ್ತಾರಾ?

ಧಾರವಾಡ ಕಡೆಯ ಸೈನ್ಸ್ ಮಾಸ್ತರ
ಅಕ್ಕಾರ, ಆ ಹುಡುಗ ಕನ್ನಡದಾಗ 118 ತಗೊಂಡಾನ. ಗಣಿತದಾಗ ಕಡಿಮಿ ಬಂತು, ಗಣಿತದ ಕತಿ ಪುಸ್ತಕ ನಮ್ಮ ಟ್ರಂಕಿನ್ಯಾಗ ಇರಲಿಲ್ಲ, ಅದ ನಮ್ಮ ತಪ್ಪು ಅಂತ ತಿಳಕೋರಿ.

ಪಂಚಾಯ್ತಿ ಲೈಬ್ರರಿ ಮೇಲ್ವಿಚಾರಕಿ
ಮೇಡಂ, ನಿಮ್ಮೂರ ಪಂಚಾಯ್ತಿ ಅರಿವು ಕೇಂದ್ರಕ್ಕೆ ಒಂದ್ಸಲ ಹೋಗಿ ಬನ್ನಿ, ಮಕ್ಕಳನ್ನ ಪಂಚಾಯ್ತಿ ಲೈಬ್ರರಿಗೆ ಸೇರಿಸೋ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗ್ನಿಂದ ಮಕ್ಕಳಿಗೆ ಮೆಂಬರ್‌ಶಿಪ್ ಫ್ರೀ. ನಾನು ಶಾಲೆಗೇ ಹೋಗಿ 64 ಮಕ್ಕಳ ಹೆಸರು ಬರ್ಕೊಂಡು ಬಂದೆ, ಆದ್ರೆ ಹೈಸ್ಕೂಲ್ ಮಕ್ಕಳು ಬರೋ ಹೊತ್ತಿಗೆ ಇಲ್ಲಿ ಪೇಪರ್ ಓದೋ ಯಜಮಾನ್ರು ಕೂತಿರ್ತಾರೆ, ಒಂದೇ ಬೆಂಚು, ಹುಡುಗೀರು ಬಾಗಿಲಲ್ಲೇ ನಿಂತು ವಾಪಸ್ ಹೋಗ್ತಾರೆ. ಸಂಜೆ ನಾಲ್ಕೂವರೆ ಮೇಲೆ ಮಕ್ಕಳಿಗೆ ಮಾತ್ರ ಅಂತ ಬೋರ್ಡ್ ಹಾಕಿದೆ, ಪಂಚಾಯ್ತಿ ಮೆಂಬರ್ ಒಬ್ರು ಬಂದು ಕಿತ್ತು ಹಾಕಿದ್ರು, ಅವರ ಮಾವನೂ ಪೇಪರ್ ಓದ್ತಾರಂತೆ. ಬೋರ್ಡ್ ಬರೆಸಿದ 250 ನನ್ನದೇ.

ಲೈಬ್ರರಿಯನ್ ಅಣ್ಣ
ಆರ್ಡರ್ ಮಾಡಿಸಿ ಹಾಕ್ಬೇಕಿತ್ತು ಮೇಡಂ. ಟ್ರಂಕ್ ಮಾಸ್ತರ್ರೇ, ವರ್ಗೀಕರಣ ಹೇಗೆ ಮಾಡಿದೀರಿ? ವಿಷಯಕ್ಕೊಂದು ನಂಬರ್ ಕೊಡೋ ಡ್ಯೂಯಿ ಪದ್ಧತಿ ಪ್ರಕಾರ ಕನ್ನಡ ಸಾಹಿತ್ಯ 894.814, ಅದನ್ನ ಬೆನ್ನಿಗೆ ಹಾಕಿದ್ರೆ ಮಕ್ಕಳಿಗೆ ಮುಂದೆ ಕಾಲೇಜಿಗೆ ಹೋದಾಗ ಸುಲಭ.

ಧಾರವಾಡ ಕಡೆಯ ಸೈನ್ಸ್ ಮಾಸ್ತರ
ಕೆಂಪ ಚುಕ್ಕಿ ಕತಿ, ಹಸಿರ ವಿಜ್ಞಾನ, ನೀಲಿ ಚರಿತ್ರೆ. ಮುಗೀತ.

ಲೈಬ್ರರಿಯನ್ ಅಣ್ಣ
ಚುಕ್ಕಿ ಎರಡು ವರ್ಷಕ್ಕೆ ಉದುರಿ ಹೋಗುತ್ತೆ.

ಧಾರವಾಡ ಕಡೆಯ ಸೈನ್ಸ್ ಮಾಸ್ತರ
ಉದುರಿದ್ರ ಮತ್ತ ಹಚ್ಚತೀವಿ. ನಿಮ್ಮ 894 ಓದಾಕ ನಮ್ಮ ಹುಡುಗೂರಿಗೆ ಕನ್ನಡಕ ಬೇಕು.

ನಿವೃತ್ತ ಮೇಷ್ಟ್ರು
ಟ್ರಂಕಲ್ಲಿ ಗೆದ್ದಲಿಗೆ ಏನ್ ಮಾಡಿದೀರಿ? ನಾನು ವರ್ಷಾ ವರ್ಷಾ ಡಾಂಬರು ಗುಳಿಗೆ ಹಾಕ್ತಿದ್ದೆ, ಆದ್ರೂ ಗೋಡೆ ಕಡೆ ಬೀರುನಲ್ಲಿ 90 ಪುಸ್ತಕ ಒಳಗೊಳಗೇ ತಿಂದು ಹಾಕಿತ್ತು, ಹೊರಗಿಂದ ರಟ್ಟು ನೆಟ್ಟಗಿತ್ತು, ಕೈಗೆ ತಗೊಂಡ್ರೆ ಮಣ್ಣು ಸುರೀತು.

ಹಳೇ ವಿದ್ಯಾರ್ಥಿ
ಅಂದ್ರೆ ಮಕ್ಕಳಿಗೆ ಕೊಡ್ಲಿಲ್ಲ, ಗೆದ್ದಲಿಗೆ ಕೊಟ್ರಿ.

ನಿವೃತ್ತ ಮೇಷ್ಟ್ರು
ನಿಮ್ಮ ಜೊತೆ ನನಗೆ ಮಾತಿಲ್ಲ.

ಪಂಚಾಯ್ತಿ ಲೈಬ್ರರಿ ಮೇಲ್ವಿಚಾರಕಿ
ಗುಳಿಗೆಗೆ ಗೆದ್ದಲು ಹೋಗಲ್ಲ ಸರ್, ಅದು ನುಸಿಗೆ. ಬೀರು ಗೋಡೆಯಿಂದ ಒಂದು ಗೇಣು ಈಚೆ ಎಳೆದು ಕಾಲು ಕೆಳಗೆ ಇಟ್ಟಿಗೆ ಕೊಡ್ಬೇಕು. ಬೇವಿನ ಸೊಪ್ಪು ಒಣಗಿಸಿ ಹಾಕಿ.

ಇಬ್ರು ಮಕ್ಕಳ ತಾಯಿ
ಬೇವಿನ ಸೊಪ್ಪು ಹಾಕಿದ್ರೆ ಪುಸ್ತಕ ಕಲೆ ಆಗುತ್ತೆ, ನಮ್ಮತ್ತೆ ರೇಷ್ಮೆ ಸೀರೆಗೆ ಹಾಕಿ ಎರಡು ಸೀರೆ ಹೋಯ್ತು.

ಪಂಚಾಯ್ತಿ ಲೈಬ್ರರಿ ಮೇಲ್ವಿಚಾರಕಿ
ಹಸಿ ಸೊಪ್ಪು ಹಾಕಿರ್ತಾರೆ. ಒಣಗಿಸಿ ಅಂತ ಬರೆದಿದೀನಿ, ಓದಿ.

ಕನ್ನಡ ಮೇಡಂ (ಪ್ರಶ್ನೆ ಕೇಳಿದವರು)
ಎಲ್ರಿಗೂ ಥ್ಯಾಂಕ್ಸ್. ಸೀರೆ ವಿಷಯ ಆಮೇಲೆ ನೋಡೋಣ. ನನಗೆ ಇಷ್ಟು ಹೇಳಿ, ಚಾರ್ಜ್ ಲಿಸ್ಟಲ್ಲಿ 1,140 ಅನ್ನೋ ಜಾಗದಲ್ಲಿ "ಎಣಿಕೆಯಲ್ಲಿ ಸಿಕ್ಕಿದ್ದು 871" ಅಂತ ನಾನೇ ಬರೆದು ಸಹಿ ಹಾಕಬಹುದಾ? ಹಿಂದಿ ಸರ್ ಫೋನ್ ಎತ್ತುತ್ತಿಲ್ಲ.

ನಿವೃತ್ತ ಮೇಷ್ಟ್ರು
ಬರೀರಿ, ಆದ್ರೆ ನೀವೊಬ್ಬರೇ ಹಾಕಬೇಡಿ. ಇಲ್ಲದ 269 ನಂಬರೂ ಬೇರೆ ಹಾಳೆಯಲ್ಲಿ ಪಟ್ಟಿ ಮಾಡಿ, ಪ್ರತಿ ಪುಟಕ್ಕೂ ಹೆಚ್ಚೆಮ್ ಸಹಿ, ಎಣಿಸುವಾಗ ಜೊತೆಗಿದ್ದ ಇನ್ನೊಬ್ಬ ಟೀಚರ್ ಸಹಿ, ತಾರೀಕು. ಮೂರು ಕಾಪಿ. ಒಂದು ಕಾಪಿ ಮನೆಯಲ್ಲಿಡಿ, ಶಾಲೇಲಲ್ಲ. ನಾನು ಅದೊಂದು ಮಾಡಿದ್ರೆ ಸಾಕಿತ್ತು.

ಲೈಬ್ರರಿಯನ್ ಅಣ್ಣ
ಇದನ್ನ ಒಪ್ತೀನಿ ಗುರುಗಳೇ.

ಕನ್ನಡ ಮೇಡಂ (ಪ್ರಶ್ನೆ ಕೇಳಿದವರು)
ಜೊತೆಗೆ ಯಾರೂ ಇರ್ಲಿಲ್ಲ ಸರ್, ಒಬ್ಳೇ ಎಣಿಸಿದ್ದು. ಅಂದ್ರೆ ಈ ಶನಿವಾರ ಮತ್ತೆ ಮೊದಲಿಂದ ಎಣಿಸ್ಬೇಕು. ಆ ನೀಲಿ ರಟ್ಟಿಂದು ನಂಬರ್ 612, ಆ ಹುಡುಗಿ ಹೆಸರಲ್ಲಿ ಬರೆದು ಕೊಟ್ಟಿದೀನಿ, ಆದ್ರಿಂದ ಈ ಸಲ 870 ಬರುತ್ತೆ.

ಇಬ್ರು ಮಕ್ಕಳ ತಾಯಿ
ಧಾರವಾಡ ಮಾಸ್ತರ್ರೇ, 45ಕ್ಕೆ ಬೈಂಡ್ ಮಾಡೋರು ಎಲ್ಲಿದಾರೆ? ನಮ್ಮಲ್ಲಿ 110 ಕೇಳ್ತಿದಾರೆ.

ಧಾರವಾಡ ಕಡೆಯ ಸೈನ್ಸ್ ಮಾಸ್ತರ
ಅವಾ ಅಂಗಡಿ ಮುಚ್ಯಾನ್ರಿ ಅಕ್ಕಾರ, ಈಗ ಝೆರಾಕ್ಸ್ ಇಟ್ಟಾನ.