ಕುಕ್ಕರಿನ ಎರಡು ‘ವಾಲ್ವ್’ಗಳಿಗೆ ನಿಮ್ಮ ಕಡೆ ಏನನ್ನುತ್ತಾರೆ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಪಕ್ಕದ ನಮ್ಮೂರಿನ ಸ್ತ್ರೀಶಕ್ತಿ ಸಂಘಕ್ಕೆಂದು ಕುಕ್ಕರ್ ಬಳಕೆ ಬಗ್ಗೆ ಒಂದು ಪುಟದ ತಿಳಿವಳಿಕೆ ಪತ್ರ ಬರೆಯುತ್ತಿದ್ದೇನೆ. ‘ವಾಲ್ವ್’ ಎಂಬಲ್ಲಿಗೆ ಬಂದು ಕೆಲಸ ನಿಂತಿದೆ.

ಮುಚ್ಚಳದ ನೆತ್ತಿಯ ಮೇಲೆ ಕೂರುವುದನ್ನು ನಮ್ಮಲ್ಲಿ ವೆಯ್ಟ್ ಎನ್ನುತ್ತಾರೆ, ವಿಷಲ್ ಎನ್ನುತ್ತಾರೆ, ಎಷ್ಟೋ ಮನೆಗಳಲ್ಲಿ ವಾಲ್ವ್ ಎಂದೇ ಕರೆಯುತ್ತಾರೆ. ಮುಚ್ಚಳದ ಒಂದು ಪಕ್ಕಕ್ಕೆ ತಿರುಪಿ ಕೂರಿಸಿರುವ ಸೇಫ್ಟಿ ವಾಲ್ವಿಗೂ ಬಾಯಿಮಾತಿನಲ್ಲಿ ಬರೀ ವಾಲ್ವ್. ಅಂಗಡಿಯಲ್ಲಾದರೆ ಕೈಯಲ್ಲಿ ತೋರಿಸಿ ಕೇಳಬಹುದು. ಕಾಗದದ ಮೇಲೆ ‘ವಾಲ್ವ್ ತೆಗೆದು ತೊಳೆಯಿರಿ’ ಎಂದು ಬರೆದರೆ ಓದಿದವರು ಯಾವುದನ್ನು ಬಿಚ್ಚಬೇಕು?

ಎರಡರ ಕೆಲಸ ಪೂರ್ತಿ ಬೇರೆ. ವೆಯ್ಟ್ ತನ್ನ ಭಾರದಿಂದ ಒಳಗಿನ ಒತ್ತಡವನ್ನು ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿಯಲ್ಲಿ ಹಿಡಿದಿಡುತ್ತದೆ. ಅದಕ್ಕೂ ಮೀರಿದ ಹಬೆ ವೆಯ್ಟನ್ನು ಎತ್ತಿಕೊಂಡು ಹೊರಬಂದಾಗ ಕೂಗುತ್ತದೆ. ನಮ್ಮ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 96–97 ಡಿಗ್ರಿಗೇ ಕುದಿಯುವುದರಿಂದ ಹುರುಳಿ ಬೇಗ ಬೇಯುವುದಿಲ್ಲ. ಕುಕ್ಕರಿನಲ್ಲಿ ಶಾಖ 120ರ ಆಸುಪಾಸಿಗೆ ಏರುತ್ತದೆ. ಸೇಫ್ಟಿ ವಾಲ್ವಿನ ನಡುವೆ ಇರುವುದು ಬೇಗ ಕರಗುವ ಮಿಶ್ರಲೋಹ. ನೀರು ಬತ್ತಿ ತಳ ಕಾದಾಗ, ಅಥವಾ ಹಬೆಗೆ ದಾರಿಯಿಲ್ಲದೆ ಶಾಖ ಮಿತಿ ಮೀರಿದಾಗ ಅದು ಕರಗಿ ದಾರಿ ಬಿಡುತ್ತದೆ. ಕರಗಿದ್ದನ್ನು ತೆಗೆದು ಅದೇ ಕುಕ್ಕರಿಗೆ ಹೊಂದುವ, ಅದೇ ಕಂಪನಿಯ ಹೊಸದನ್ನು ಹಾಕಬೇಕು.

ಜನ ಬಳಸುವ ಕ್ರಿಯಾಪದದಲ್ಲೂ ತೊಡಕಿದೆ. ಕರಗಿದರೂ ‘ವಾಲ್ವ್ ಹಾರಿತು’, ವೆಯ್ಟ್ ಎಗರಿದರೂ ‘ಹಾರಿತು’. ಹಾರಿತು ಎಂದಾಗ ವಾಲ್ವೇ ಸರಿಯಿಲ್ಲ ಎಂದುಕೊಂಡು ಹೊಸದು ಹಾಕಿಸಿ ಸುಮ್ಮನಾಗುತ್ತಾರೆ, ಅದು ಯಾಕೆ ಕರಗಿತು ಎಂದು ನೋಡುವುದಿಲ್ಲ. ಆ ತೂತಿಗೆ ಬೋಲ್ಟ್ ಬಿಗಿದಿದ್ದ ಮುಚ್ಚಳವೊಂದನ್ನು ನೋಡಿ ನನಗೆ ಎದೆ ಝಲ್ಲೆಂದಿತು. ಹಾಗಾಗಿ ಪತ್ರದಲ್ಲಿ ‘ಕರಗಿತು’ ಎಂದೇ ಬರೆಯುತ್ತೇನೆ, ಇದರಲ್ಲಿ ರಾಜಿಯಿಲ್ಲ.

ವೆಯ್ಟ್ ಕೂರುವ ಸಣ್ಣ ಕೊಳವೆಗೂ ಹೆಸರು ಬೇಕು. ಅವರೆಕಾಯಿ ಕಾಲದಲ್ಲಿ ಕಾಳಿನ ಸಿಪ್ಪೆ ನೊರೆಯ ಜೊತೆ ಎದ್ದು ಹೋಗಿ ಇದರೊಳಗೆ ಅಂಟುತ್ತದೆ. ಕಾಳು, ಬೇಳೆ ಹಾಕುವಾಗ ನೀರೂ ಸೇರಿ ಅರ್ಧ ಕುಕ್ಕರಿಗಿಂತ ಹೆಚ್ಚು ತುಂಬಬಾರದು ಎನ್ನುವುದು ಇದಕ್ಕೇ. ಪ್ರತಿ ಸಲ ಮುಚ್ಚುವ ಮೊದಲು ಮುಚ್ಚಳವನ್ನು ಬೆಳಕಿಗೆ ಹಿಡಿದು ಕೊಳವೆಯಲ್ಲಿ ಕಣ್ಣಿಟ್ಟರೆ ಆಚೆಯ ಬೆಳಕು ಕಾಣಬೇಕು. ನಮ್ಮ ಅತ್ತೆ ಇದನ್ನು ‘ಮೂಗು’ ಎನ್ನುತ್ತಾರೆ. ‘ಕುಕ್ಕರಿನ ಮೂಗು ಕಟ್ಟಿದೆ, ಕಡ್ಡಿ ಹಾಕು’ ಎಂದರೆ ಮಕ್ಕಳಿಗೂ ಅರ್ಥವಾಗುತ್ತದೆ. ಇದು ನಮ್ಮ ಮನೆಯ ಮಾತು ಮಾತ್ರವೋ, ಬೇರೆ ಕಡೆಯೂ ಇದೆಯೋ?

ಸೇಫ್ಟಿ ವಾಲ್ವಿಗೆ ‘ಸುರಕ್ಷತಾ ಕವಾಟ’ ಎಂದು ಬರೆಯಬಹುದಿತ್ತು. ಕವಾಟ ಶಾಲೆಯ ಪುಸ್ತಕದಲ್ಲಿ ಹೃದಯದ ಪಾಠಕ್ಕೆ ಸರಿ, ಅಡುಗೆಮನೆಯಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ಗ್ಯಾಸ್ಕೆಟ್ಟಿಗೆ ‘ರಬ್ಬರ್’ ಸಾಕು. ಹಬೆ ಬಿಡುವಾಗಿನ ಸದ್ದಿಗೆ ಕೂಗು, ವಿಷಲ್, ಉತ್ತರ ಕರ್ನಾಟಕದ ಸೀಟಿ, ಯಾವುದಾದರೂ ನಡೆಯುತ್ತದೆ. ‘ಆರಿದ ಮೇಲೆ ತೆಗೆಯಿರಿ’ ಎಂಬುದನ್ನು ಮಾತ್ರ ‘ಪ್ರೆಶರ್ ಇಳಿದ ಮೇಲೆ’ ಎಂದು ತಿದ್ದಿದ್ದೇನೆ: ವೆಯ್ಟನ್ನು ಸ್ವಲ್ಪವೇ ಎತ್ತಿದರೆ ಬುಸ್ ಎನ್ನಬಾರದು, ಎಂದರೆ ಇನ್ನೂ ಕಾಯಬೇಕು.

ಹಾಸನ, ಸಕಲೇಶಪುರ, ಅರಸೀಕೆರೆ, ಕಡೂರು ಕಡೆಯವರು ಸೇಫ್ಟಿ ವಾಲ್ವಿಗೂ ಆ ಕೊಳವೆಗೂ ಮನೆಯಲ್ಲಿ ಏನನ್ನುತ್ತೀರಿ? ಕುಕ್ಕರ್ ರಿಪೇರಿಯವರ ಬಾಯಲ್ಲಿ ಬೇರೆ ಮಾತು ಕೇಳಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.