ಕೈ ಒರೆಸೋಕೂ ಅರ್ಥ ಬೇಕಾ?

ಭಾನುವಾರ ಟೋಕಿಯೊದ ನಿಶಿಕಸಾಯಿಯಲ್ಲಿರುವ ರಾಯರ ಮನೆಯಲ್ಲಿ ಬಿಸಿಬೇಳೆ ಬಾತ್ ಹೊಡೆದು ಕೈ ತೊಳೆದೆ. ತುಪ್ಪದ ಜಿಡ್ಡು ಹೋಗಲಿಲ್ಲ. ಕುರ್ಚಿಯ ಮೇಲಿದ್ದ ತೆನುಗುಯಿಗೆ ಕೈ ಹಾಕಿದೆ.

"ಅದು ಬೇಡ!" ಸೀನ ಕಿರುಚಿದ. "ಅದು ಸೇಗಾಯ್ಹಾ. ಸಮುದ್ರದ ಅಲೆಯ ಚಿತ್ತಾರ. ಶಾಂತಿಯ ಗುರುತು."

"ನನ್ನ ಕೈಯಲ್ಲಿರೋದು ತುಪ್ಪ. ಅದೂ ಶಾಂತವಾಗೇ ಇದೆ."

ಸೀನ ಅಸಾಕುಸಾದಿಂದ ಐದಾರು ತಂದಿದ್ದ. ತೆನುಗುಯಿ ಅಂದರೆ ಮತ್ತೇನಲ್ಲ, ತೆಳ್ಳನೆಯ ಹತ್ತಿ ಟವೆಲ್ಲು. ಅಂಚು ಕೂಡ ಹೊಲಿದಿರುವುದಿಲ್ಲ. ಆದರೆ ಒಂದೊಂದರ ಜೊತೆಗೂ ಅರ್ಥ ಬರೆದ ಚೀಟಿ. ಈಗ ಎಲ್ಲಿ ಹೋದರೂ ಇದೇ ಹುಚ್ಚು. ಬಟ್ಟೆ ಮೊಳ, ಅರ್ಥ ಮಾರು.

"ಇದು ಅಸಾನೊಹಾ, ಒಂದು ಗಿಡದ ಎಲೆಯ ಚಿತ್ತಾರ," ರಾಯರು ಕನ್ನಡಕ ಏರಿಸಿದರು. "ಕೂಸಿನ ಅಂಗಿಗೆ ಹಾಕುತ್ತಿದ್ದರು. ಈ ಗಿಡ ಬೇಗ, ನೆಟ್ಟಗೆ ಬೆಳೆಯುತ್ತೆ. ಮಗುವೂ ಹಾಗೇ ಬೆಳೆಯಲಿ ಅಂತ."

"ಯಾವ ಗಿಡ?"

ರಾಯರು ಕೆಮ್ಮಿದರು. "ನಾರಿಗೆ ಬೆಳೆಯೋದು ಕಣಯ್ಯಾ. ಆದರೆ ಜಾತಿ... ಗಾಂಜಾದ್ದೇ."

"ಸರಿಹೋಯ್ತು. ನಮ್ಮೂರಲ್ಲಿ ಆ ಎಲೆಯ ಅಂಗಿ ಹಾಕಿದವನಿಗೆ ಹೆಣ್ಣು ಕೊಡಲ್ಲ."

ಸೀನ ಬಿಡುವವನಲ್ಲ. ಚೌಕಳಿಯದನ್ನು ಬಿಡಿಸಿದ. "ಇಚಿಮತ್ಸು. ಕೊನೆಯೇ ಇಲ್ಲದೆ ಸಾಗುತ್ತಲ್ಲ, ಅದಕ್ಕೇ ಏಳಿಗೆಯ ಗುರುತು."

"ಸುಮ್ನಿರೋ," ರಾಯರು ತಡೆದರು. "1741ರಲ್ಲಿ ಸಾನೊಗಾವಾ ಇಚಿಮತ್ಸು ಅನ್ನೋ ಕಬುಕಿ ನಾಟಕದ ನಟ ಈ ಚೌಕಳಿಯ ಹಕಾಮಾ ಅನ್ನೋ ಅಗಲ ಪೈಜಾಮ ತೊಟ್ಟು ರಂಗಕ್ಕೆ ಬಂದ. ಎಡೊದ, ಅಂದರೆ ಆಗಿನ ಟೋಕಿಯೊದ, ಹೆಂಗಸರು ಮುಗಿಬಿದ್ದರು. ಅವನ ಹೆಸರೇ ಉಳೀತು. ಏಳಿಗೆ ಆಗಿದ್ದು ಜವಳಿ ಅಂಗಡಿಯವನದು."

"ಈ ಗೀಟಿನದಕ್ಕೆ ಚೀಟಿಯೇ ಇಲ್ವಲ್ಲ?" ನನ್ನವಳು ಕೇಳಿದಳು.

ರಾಯರಿಗೆ ಅಷ್ಟು ಸಾಕಾಯಿತು. "ಗೀಟಿಗೆ ಇಲ್ಲಿ ಶಿಮಾ ಅಂತಾರಮ್ಮ. ಶಿಮಾ ಅಂದರೆ ದ್ವೀಪ. ದಕ್ಷಿಣದ ದ್ವೀಪಗಳ ಕಡೆಯಿಂದ ಹಡಗಿನಲ್ಲಿ ಬಂದ ಬಟ್ಟೆ ಅಂತ. ಒಂದು ಬಗೆಗಂತೂ ಸಾಂತೊಮೆ ಅಂತಲೇ ಹೆಸರು. ನಮ್ಮ ಚೆನ್ನೈ ಸ್ಯಾಂಥೋಮು!"

"ಹಾಗಾದ್ರೆ ನಮ್ಮಜ್ಜನ ಪಟ್ಟಾಪಟ್ಟಿ ಚಡ್ಡಿ? ಮೂವತ್ತು ವರ್ಷ ಹಿತ್ತಲ ತಂತಿ ಮೇಲೆ ಒಣಗಿತು. ಒಬ್ಬರೂ ಅರ್ಥ ಕೇಳಲಿಲ್ಲ. ಇಲ್ಲಿಗೆ ತಂದಿದ್ದರೆ ಕಟ್ಟು ಹಾಕಿಸಿ ಗೋಡೆಗೆ ತೂಗಿಬಿಡುತ್ತಿದ್ದಿರಿ."

ರಾಯರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. ತಮ್ಮ ಅಂಗಿಯ ತುದಿಯಲ್ಲಿ, ಪಾಪ.

ಕೊನೆಗೆ ಉಳಿದದ್ದು ಬಾಣದ ಗರಿಗಳ ಚಿತ್ತಾರ. ಚೀಟಿ ಸೀನನೇ ಓದಿದ. "ಯಗಸುರಿ. ಮದುವೆಯಾಗಿ ಹೊರಟ ಹೆಣ್ಣಿಗೆ ಕೊಡುತ್ತಿದ್ದರು. ಬಿಟ್ಟ ಬಾಣ ಹಿಂದಕ್ಕೆ ಬರಲ್ಲ. ಹಾಗೇ ಅವಳೂ ತವರಿಗೆ ವಾಪಸ್ ಬರಬಾರದು ಅಂತ."

"ಪಂಚಮಿಗೂ ಬರಬಾರದಾ?" ಅಂದಳು ನನ್ನವಳು.

ಯಾರೂ ನಗಲಿಲ್ಲ. ಸೀನ ಎರಡು ವರ್ಷದ ಕೆಲಸ ಅಂತ ಬಂದವನು. ಇದು ಅವನ 11ನೇ ವರ್ಷ. ಚೀಟಿಯನ್ನು ಎರಡು ಮಡಿಕೆ ಮಾಡಿದ, ನಾಲ್ಕು ಮಾಡಿದ.

"ನಮ್ಮಮ್ಮ ಏರ್‌ಪೋರ್ಟಲ್ಲಿ ಉಪ್ಪಿನಕಾಯಿ ಕೊಟ್ಟಳು," ಅಂದ. "ಡಬ್ಬಕ್ಕೆ ಅವಳ ಹಳೇ ಸೀರೆ ತುಂಡು ಸುತ್ತಿದ್ದಳು. ಅದರಲ್ಲಿ ಬಾಣಗೀಣ ಇರಲಿಲ್ಲ. ಬರೀ ಚುಕ್ಕಿ."

"ಚುಕ್ಕಿಗೆ ಏನರ್ಥ ರಾಯರೇ?" ಅಂದೆ.

ರಾಯರು ಮೊದಲ ಸಲ ಏನೂ ಹೇಳಲಿಲ್ಲ.

ನನ್ನ ಕೈ ಇನ್ನೂ ಹಾಗೇ ಇತ್ತು. ಬಾಣದ ಟವೆಲ್ಲನ್ನೇ ಎಳೆದುಕೊಂಡು ಚೆನ್ನಾಗಿ ಒರೆಸಿದೆ. ಈ ಸಲ ಸೀನ ಬೇಡ ಅನ್ನಲಿಲ್ಲ.