ಹೊರಗಿನ ಕೆಳಮೂಲೆ ಯಾಕೆ ತಪ್ಪುತ್ತೆ? ಪ್ಲೇಟ್ ಅಂಪೈರ್ ನಿಲ್ಲೋ ರೀತಿ ಬಗ್ಗೆ

ಜಯನಗರ_ಥರ್ಡ್‌ಬೇಸ್
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕಾಲೇಜು ಪಂದ್ಯಗಳಿಗೆ ಹೊಸ ಸಾಫ್ಟ್‌ಬಾಲ್ ಅಂಪೈರ್‌ಗಳನ್ನ ತಯಾರು ಮಾಡ್ತಿದೀವಿ. ಹುಡುಗಿಯರ ಫಾಸ್ಟ್ ಪಿಚ್, ಅಂದ್ರೆ ಕೆಳಗೈಯಿಂದ ವೇಗವಾಗಿ ಎಸೆಯೋ ಆಟ. ನನ್ನ ಪ್ರಶ್ನೆ ಪ್ಲೇಟ್ ಅಂಪೈರ್ ಬಗ್ಗೆ, ಅಂದ್ರೆ ಬ್ಯಾಟರ್ ಪಕ್ಕ ನೆಲದಲ್ಲಿರೋ ಹೋಮ್ ಪ್ಲೇಟಿನ ಹಿಂದೆ, ಕ್ಯಾಚರ್ (ಚೆಂಡು ಹಿಡಿಯೋಳು) ಬೆನ್ನಿಗೆ ನಿಂತು ಪಿಚರ್ (ಎಸೆಯೋಳು) ಚೆಂಡನ್ನ ತೀರ್ಮಾನಿಸೋರು. ಬಂದಿರೋರಲ್ಲಿ ಹೆಚ್ಚಿನವರು ಕ್ರಿಕೆಟ್ ಅಂಪೈರಿಂಗ್ ಮಾಡಿದವರು, ನಿಯಮ ಚೆನ್ನಾಗಿ ಓದಿದಾರೆ. ಬಲಗೈ ಬ್ಯಾಟರ್ ಇದ್ದಾಗ ಒಳಗಿನ, ಅಂದ್ರೆ ಬ್ಯಾಟರ್ ಮೈ ಕಡೆಯ ಚೆಂಡು ಸರಿಯಾಗೇ ಹೇಳ್ತಾರೆ. ಪ್ಲೇಟಿನ ಹೊರ ಅಂಚಲ್ಲಿ (ಬ್ಯಾಟರ್‌ಗೆ ದೂರದ ಬದಿ) ಮಂಡಿ ಎತ್ತರಕ್ಕೆ ಬಂದ್ರೆ ಮಾತ್ರ ಒಂದ್ಸಲ ಸ್ಟ್ರೈಕ್ (ಸರಿಯಾದ ಎಸೆತ), ಇನ್ನೊಂದ್ಸಲ ಅದೇ ಜಾಗಕ್ಕೆ ‘ಬಾಲ್’ (ತಪ್ಪಿದ ಎಸೆತ). ಐದನೇ ಇನ್ನಿಂಗ್ಸ್ ದಾಟಿದ ಮೇಲೆ ಇನ್ನೂ ಜಾಸ್ತಿ. ಕಾಲು ಎಲ್ಲಿಡಬೇಕು, ತಲೆ ಎಷ್ಟೆತ್ತರ ಇರಬೇಕು, ಯಾವಾಗ ಬಗ್ಗಬೇಕು ಅಂತ ಬಿಡಿಸಿ ಹೇಳ್ತೀರಾ?

ಸ್ಲಾಟ್_ಅಕ್ಕ
ಮೊದಲು ತಲೆ ನೋಡಿ ಸರ್, ಕಾಲು ಆಮೇಲೆ. ಹೊರಗಿನ ಕೆಳಮೂಲೆ ತಪ್ಪುತ್ತೆ ಅಂದ್ರೆ ಹತ್ತರಲ್ಲಿ ಎಂಟು ಸಲ ತಲೆ ತೀರಾ ಕೆಳಗಿರುತ್ತೆ, ಇಲ್ಲಾ ಕ್ಯಾಚರ್ ಹಿಂದೆ ನಟ್ಟನಡುವೆ ಇರುತ್ತೆ. ಎರಡರಲ್ಲೂ ಕ್ಯಾಚರ್‌ನ ಹೆಲ್ಮೆಟ್ಟೋ ಭುಜವೋ ಚೆಂಡಿನ ಕೊನೇ ಒಂದೆರಡು ಅಡಿ ದಾರಿಯನ್ನ ಮರೆ ಮಾಡುತ್ತೆ. ಉಳಿದದ್ದು ಊಹೆ.

ನಿಲ್ಲಬೇಕಾದ ಜಾಗ ಸ್ಲಾಟ್, ಅಂದ್ರೆ ಬ್ಯಾಟರ್‌ಗೂ ಕ್ಯಾಚರ್‌ಗೂ ನಡುವಿನ ಸಂದಿ. ಮೂಗು ಪ್ಲೇಟಿನ ಒಳ ಅಂಚಿನ ನೇರಕ್ಕೆ, ಕಣ್ಣು ಝೋನಿನ (ಚೆಂಡು ಹಾದ್ರೆ ಸ್ಟ್ರೈಕ್ ಆಗೋ ಪ್ಲೇಟಿನ ಮೇಲಿನ ಜಾಗ) ಮೇಲ್ಗಡಿಯ ಮಟ್ಟಕ್ಕೆ. ಗಲ್ಲ ಕ್ಯಾಚರ್ ಹೆಲ್ಮೆಟ್‌ನ ತುದಿಗಿಂತ ಕೆಳಗೆ ಹೋಗಬಾರದು. ಕೈ ಚಾಚಿದ್ರೆ ಕ್ಯಾಚರ್ ಬೆನ್ನಿಗೆ ತಾಗೋಷ್ಟು ದೂರ ಸಾಕು, ಆದ್ರೆ ಆಟ ನಡೀವಾಗ ಮುಟ್ಟಬಾರದು.

ಕಾಲು: ಬಲಗೈ ಬ್ಯಾಟರ್‌ಗೆ ಎಡಗಾಲು ಮುಂದೆ, ಬೆರಳು ಪಿಚರ್ ಕಡೆ. ಬಲಗಾಲಿನ ಬೆರಳ ತುದಿ ಎಡ ಹಿಮ್ಮಡಿಯ ಗೆರೆಗೆ ಬರಲಿ, ಪಾದ ಸ್ವಲ್ಪ ಹೊರಕ್ಕೆ ತಿರುಗಿರಲಿ. ಭುಜಕ್ಕಿಂತ ಅಗಲವಾಗಿ ನಿಲ್ಲಬೇಕು. ಕಾಲು ಹತ್ತಿರ ಇಟ್ಟವರು ಸೊಂಟದಿಂದ ಬಗ್ತಾರೆ, ಸುಸ್ತಾದ ಹಾಗೆ ತಲೆ ಇಂಚಿಂಚೇ ಇಳಿಯುತ್ತೆ. ನಿಮ್ಮ ಐದನೇ ಇನ್ನಿಂಗ್ಸ್ ತೊಂದರೆ ಇದೇ ಇರಬೇಕು. ಎಡಗೈ ಬ್ಯಾಟರ್ ಬಂದ್ರೆ ಎಲ್ಲಾ ಉಲ್ಟಾ, ಬಲಗಾಲು ಮುಂದೆ.

ಇಡೀ ಹೊತ್ತು ಬಗ್ಗಿ ನಿಲ್ಲೋದು ಬೇಡ. ಪಿಚರ್ ತನ್ನ ಎಸೆತದ ಪಟ್ಟಿ (ಪಿಚರ್ಸ್ ಪ್ಲೇಟ್) ಮೇಲೆ ಕಾಲಿಟ್ಟಾಗ ಅಂಪೈರ್ ಪಾದ ಸರಿಯಾದ ಜಾಗಕ್ಕಿಟ್ಟು ನೆಟ್ಟಗೇ ಇರಲಿ, ಪಿಚರ್ ಕೈ ಬೀಸೋಕೆ ಶುರು ಮಾಡಿದಾಗ ಮಂಡಿ ಮಡಿಸಿ ಇಳೀಲಿ. ಚೆಂಡು ಕೈ ಬಿಡೋ ಹೊತ್ತಿಗೆ ತಲೆ ಪೂರ್ತಿ ನಿಂತಿರಬೇಕು. 43 ಅಡಿ ದೂರದಿಂದ ಗಂಟೆಗೆ 95–100 ಕಿ.ಮೀ. ವೇಗದಲ್ಲಿ ಬಂದ್ರೆ ಸಿಗೋದು ಅರ್ಧ ಸೆಕೆಂಡಿಗಿಂತ ಕಡಿಮೆ. ಆ ಹೊತ್ತಲ್ಲಿ ತಲೆಯೂ ಇಳೀತಿದ್ರೆ ಚೆಂಡು ಮೇಲೆದ್ದ ಹಾಗೆ ಕಾಣುತ್ತೆ.

ಎಡಗೈ_ಪಿಚರ್
ಕ್ರಿಕೆಟ್‌ನಿಂದ ಬಂದವರು ಅಂದ್ರಲ್ಲ, ಅವರ ಕಣ್ಣು ಎಲ್ಲಿ ಹೋಗುತ್ತೆ ನೋಡಿ. ನೋಬಾಲ್ ನೋಡಿ ಅಭ್ಯಾಸ, ಹಾಗಾಗಿ ಮೊದಲು ಪಿಚರ್ ಪಾದ, ಆಮೇಲೆ ಚೆಂಡು. ಇಲ್ಲಿ ಚೆಂಡು ಸೊಂಟದ ಪಕ್ಕದಿಂದ ಬಿಡುಗಡೆ ಆಗುತ್ತೆ, ಕಣ್ಣು ಮೊದಲೇ ಅಲ್ಲಿ ಕಾದಿರಬೇಕು. ಇಬ್ಬರು ಅಂಪೈರ್ ಇದ್ದಾಗ ಪಿಚರ್ ಪಾದ ನಿಯಮ ಮುರೀತಾ ಅನ್ನೋದು ಬೇಸ್ ಅಂಪೈರ್‌ಗೆ ಪಕ್ಕದಿಂದ ಚೆನ್ನಾಗಿ ಕಾಣುತ್ತೆ, ಆ ಕೆಲಸ ಅವರಿಗೆ ಹೆಚ್ಚಾಗಿ ಬಿಡಿ.

ಪಿಚರ್ ಕೈಯಿಂದ ಕ್ಯಾಚರ್ ಮಿಟ್ (ಕೈಗವಸು) ತನಕ ಕಣ್ಣು ಮಾತ್ರ ಹಿಂಬಾಲಿಸಲಿ, ಮುಖ ತಿರುಗೋದು ಬೇಡ. ಚೆಂಡು ಮಾಸ್ಕ್ ಕಡೆಗೇ ಬಂದ್ರೂ ನೇರ ನೋಡ್ತಿರಬೇಕು. ಮುಖ ತಿರುಗಿಸಿದ್ರೆ ಕಿವಿ, ಕುತ್ತಿಗೆ ಬಯಲಾಗುತ್ತೆ, ಪೆಟ್ಟು ಬೀಳೋದೇ ಅಲ್ಲಿ. ಗಂಟಲ ಗಾರ್ಡ್ ಇಲ್ಲದ ಮಾಸ್ಕ್ ಕೊಟ್ಟು ಯಾರನ್ನೂ ನಿಲ್ಲಿಸಬೇಡಿ, ದಯವಿಟ್ಟು.

ಮಿಟ್ ಎಲ್ಲಿ ನಿಂತಿತು ಅಂತ ನೋಡಿ ಕರೆಯೋದೂ ದೊಡ್ಡ ತಪ್ಪು. ಒಳ್ಳೇ ಡ್ರಾಪ್ ಬಾಲ್ (ಕೊನೇಲಿ ಥಟ್ಟನೆ ಕೆಳಗಿಳಿಯೋ ಎಸೆತ) ಪ್ಲೇಟಿನ ಮುಂದಿನ ಅಂಚಲ್ಲಿ ಝೋನಿನೊಳಗೇ ಹಾದು, ಕ್ಯಾಚರ್ ಹಿಡಿಯೋ ಹೊತ್ತಿಗೆ ಮೊಣಕಾಲಿಗಿಂತ ಬಹಳ ಕೆಳಗಿರುತ್ತೆ. ಪ್ಲೇಟಿನ ಅಗಲ 17 ಇಂಚು, ಚೆಂಡಿನ ಅಡ್ಡಳತೆ ಸುಮಾರು 3.8 ಇಂಚು. ಚೆಂಡಿನ ಒಂದಂಚು ಸವರಿದ್ರೂ ಸಾಕು ಅನ್ನೋದ್ರಿಂದ ಎರಡೂ ಬದಿ ಸೇರಿಸಿದ್ರೆ 24 ಇಂಚಿಗೂ ಜಾಸ್ತಿ ಅಗಲ ಆಗುತ್ತೆ. ಹೊರ ಅಂಚನ್ನ ಹೊಸಬರು ಜಿಪುಣತನದಿಂದ ಕರೆಯೋದು ಇದು ಮನಸ್ಸಿಗೆ ಹಿಡಿಯದೇ ಇರೋದ್ರಿಂದ.

ಜಯನಗರ_ಥರ್ಡ್‌ಬೇಸ್
ತುಂಬಾ ಉಪಯೋಗ ಆಯ್ತು. ಕ್ಯಾಚರ್ ಒಳಗೆ ಸರಿದು ಸ್ಲಾಟ್ ಮುಚ್ಚಿಬಿಟ್ರೆ? ನಮ್ಮವರೊಬ್ಬರು ಆಗ ಹೊರಗಿನ ಭುಜದ ಕಡೆ ಹೋಗ್ತಾರೆ.

ಸ್ಲಾಟ್_ಅಕ್ಕ
ಹೊರಗಡೆ ಬೇಡ. ಅಲ್ಲಿಂದ ಒಳಗಿನ ಚೆಂಡು ಪೂರ್ತಿ ಕೈಬಿಟ್ಟ ಹಾಗೆ, ತಪ್ಪಿದ ಚೆಂಡಿಗೆ ಮೈ ಒಡ್ಡಿದ ಹಾಗೂ ಆಗುತ್ತೆ. ಇರೋ ಜಾಗದಲ್ಲೇ ಸ್ವಲ್ಪ ಎತ್ತರ ಆಗಿ, ಕ್ಯಾಚರ್ ತಲೆ ಮೇಲಿಂದ ನೋಡಿ. ಕೆಳಗಿನ ಚೆಂಡು ಅಷ್ಟು ಸ್ಪಷ್ಟ ಇರಲ್ಲ, ಆದ್ರೂ ಪ್ಲೇಟಿನ ಎರಡೂ ಅಂಚು ಕಾಣುತ್ತೆ. ಪಿಚರ್ ಚೆಂಡು ಬಿಡೋ ಮೊದಲು ಕ್ಯಾಚರ್ ಸರಿದ್ರೆ ಜೊತೆಗೇ ಹೊಂದಿಸಿಕೊಳ್ಳಿ, ಬಿಟ್ಟ ಮೇಲೆ ಸರಿದ್ರೆ ಅಲುಗಾಡಬೇಡಿ.

ಕೆಂಪುಮಣ್ಣು
ಅಭ್ಯಾಸಕ್ಕೆ ಒಂದು ಉಪಾಯ. ಪ್ಲೇಟಿನ ಮುಂದಿನ ಅಂಚಿನ ಎರಡು ಬದಿಗೆ, 17 ಇಂಚು ಅಂತರದಲ್ಲಿ ಉದ್ದ ಕೋಲು ನೆಟ್ಟು, ನಿಮ್ಮ ನಿಯಮಪುಸ್ತಕದ ಮೇಲ್ಗಡಿ, ಕೆಳಗಡಿಗೆ ದಾರ ಕಟ್ಟಿ. ಬ್ಯಾಟರ್ ಇಲ್ಲದೆ, ಕ್ಯಾಚರ್ ಕೂರಿಸಿ 40 ಎಸೆತ, ಅಂಪೈರ್ ಬರೀ ನೋಡಬೇಕು, ಕರೆಯಬಾರದು. ಆಮೇಲೆ ದಾರ ಬಿಚ್ಚಿ 40, ಈಗ ಕರೆಯಲಿ. ಪಕ್ಕದಿಂದ ಮೊಬೈಲಲ್ಲಿ ವಿಡಿಯೊ ಮಾಡಿ: ಮೊದಲ ಐದು ಎಸೆತದಲ್ಲಿ ಗಲ್ಲ ಎಲ್ಲಿದೆ, ಕೊನೇ ಐದರಲ್ಲಿ ಎಲ್ಲಿದೆ ಅಂತ ಪಕ್ಕಪಕ್ಕ ಇಟ್ಟು ತೋರಿಸಿದ್ರೆ ಮಾತೇ ಬೇಕಿಲ್ಲ.

ನಮ್ಮೂರ ಮೈದಾನದಲ್ಲಿ ಇನ್ನೊಂದು ವಿಷಯ. ಮಳೆ ಮಾರನೇ ದಿನ ಕ್ಯಾಚರ್ ಕೆರೆದ ಗುಂಡಿಯ ಹಿಂದೆ ಮಣ್ಣು ಜಾರುತ್ತೆ, ಮುಂಗಾಲಿನ ಜಾಗ ಪ್ರತಿ ಇನ್ನಿಂಗ್ಸ್ ಶುರುವಿಗೆ ತುಳಿದು ಸಮ ಮಾಡಿಕೊಳ್ಳಿ. ಬಾಕ್ಸಿನ (ಬ್ಯಾಟರ್ ನಿಲ್ಲೋ ಚೌಕದ) ಸುಣ್ಣದ ಗೆರೆ ಎರಡನೇ ಇನ್ನಿಂಗ್ಸಿಗೇ ಅಳಿಸಿರುತ್ತೆ. ಎಡಗೈ ಸ್ಲ್ಯಾಪರ್ (ಓಡ್ತಲೇ ಚೆಂಡು ತಟ್ಟೋ ಬ್ಯಾಟರ್) ಹೊಡೆದಾಗ ಪಾದ ಪೂರ್ತಿ ಬಾಕ್ಸ್ ಹೊರಗೆ ನೆಲಕ್ಕೆ ತಾಗಿತ್ತಾ ಅಂತ ಹೇಳೋಕೆ ಗೆರೆ ಬೇಕೇ ಬೇಕು. ಬಿಡುವಿದ್ದಾಗ ಗೆರೆ ಮತ್ತೆ ಹಾಕಿಸಿ.

ಚೆಂಡು ಮೇಲಕ್ಕೆ ಹಾರಿದ್ರೆ ಕ್ಯಾಚರ್ ತಿರುಗೋ ಕಡೆಗೇ ತಿರುಗಿ, ಹಿಂಗಾಲನ್ನ ಗೇಟು ತೆರೆದ ಹಾಗೆ ಹಿಂದಕ್ಕೆ ಹಾಕಿ ದಾರಿ ಬಿಡಿ. ಮಾಸ್ಕ್ ಎಡಗೈಯಲ್ಲಿ ತೆಗೀಬೇಕು. ಬಲಗೈ ಔಟ್ ಹೇಳೋಕೆ ಖಾಲಿ ಇರಲಿ.